ಕ್ರೂಸ್ ಕಂಟ್ರೋಲ್ ರಿಪೇರಿ ಆಯ್ತು, ಈಗ ಓಡಿಸಿ ನೋಡೋದು ಹೇಗೆ?

ಪ್ರಶ್ನೆ: ನನ್ನದು ಮ್ಯಾನುಯಲ್ ಗೇರಿನ ಕಾರು. ಕ್ರೂಸ್ ಕಂಟ್ರೋಲ್ ಆನ್ ಆಗುತ್ತಿರಲಿಲ್ಲ. ಗ್ಯಾರೇಜಿನವರು ಸ್ಟೀರಿಂಗಿನ ಕ್ಲಾಕ್ ಸ್ಪ್ರಿಂಗ್, ಬ್ರೇಕ್ ಸ್ವಿಚ್ ಎರಡನ್ನೂ ಬದಲಾಯಿಸಿ "ಓಡಿಸಿ ನೋಡಿ ಸಾರ್" ಅಂದಿದ್ದಾರೆ. ಎಲ್ಲಿ, ಹೇಗೆ ಓಡಿಸಿ ನೋಡಲಿ? – ಹಾಸನದ ಓದುಗರೊಬ್ಬರು

ಉತ್ತರ: ಆಕ್ಸಿಲರೇಟರಿನಿಂದ ಕಾಲು ತೆಗೆದರೂ ಸೆಟ್ ಮಾಡಿದ ವೇಗವನ್ನು ಉಳಿಸಿಕೊಳ್ಳುವುದೇ ಕ್ರೂಸ್ ಕಂಟ್ರೋಲಿನ ಕೆಲಸ. ಅದನ್ನು ಪರೀಕ್ಷಿಸಲು ಹೆಚ್ಚಿನವರು ಮಾಡುವುದು ಒಂದೇ. ಹೈವೇಗೆ ಹೋಗುತ್ತಾರೆ, ಎಂಬತ್ತಕ್ಕೆ ಸೆಟ್ ಮಾಡಿ ಕಾಲು ತೆಗೆಯುತ್ತಾರೆ, ಮುಳ್ಳು ಅಲ್ಲಾಡದಿದ್ದರೆ ಸರಿಹೋಯಿತು ಅನ್ನುತ್ತಾರೆ. ಆದರೆ ವೇಗ ಹಿಡಿಯದಿದ್ದರೆ ನಷ್ಟವೇನಿಲ್ಲ, ಕಾಲಲ್ಲೇ ಓಡಿಸಿಕೊಂಡು ಮನೆ ಸೇರಬಹುದು. ಹಿಡಿದದ್ದನ್ನು ಬಿಡದಿದ್ದರೆ ಕಷ್ಟ. ಹಾಗಾಗಿ ಮೊದಲು ನೋಡಬೇಕಾದ್ದು ಅದು ಬಿಡುತ್ತದೆಯೇ ಎಂಬುದನ್ನು. ಅದರ ಅರ್ಧ ಭಾಗವನ್ನು ಮನೆ ಮುಂದೆ, ಕಾರು ನಿಂತಿರುವಾಗಲೇ ಮುಗಿಸಬಹುದು.

ಬ್ರೇಕ್ ಪೆಡಲಿನ ಮೇಲಿರುವ ಸ್ವಿಚ್ಚಿನಲ್ಲಿ ಸಾಮಾನ್ಯವಾಗಿ ಎರಡು ಸರ್ಕ್ಯೂಟ್ ಇರುತ್ತವೆ. ಒಂದು ಹಿಂದಿನ ಕೆಂಪು ದೀಪ ಹೊತ್ತಿಸುತ್ತದೆ, ಇನ್ನೊಂದು ಎಂಜಿನ್ ಕಂಪ್ಯೂಟರಿಗೆ ಸುದ್ದಿ ಮುಟ್ಟಿಸುತ್ತದೆ. ಎರಡಕ್ಕೂ ತಾಳೆಯಾಗದಿದ್ದರೆ ಕಂಪ್ಯೂಟರ್ ಕ್ರೂಸನ್ನು ಆನ್ ಮಾಡಲು ಬಿಡುವುದಿಲ್ಲ. ಸಂಜೆ ಕಾರನ್ನು ಗೋಡೆಗೆ ಹಿಂಬದಿ ಮಾಡಿ ನಿಲ್ಲಿಸಿ, ಪೆಡಲನ್ನು ಬೆರಳ ತುದಿಯಷ್ಟು ಒತ್ತಿ. ಗೋಡೆ ಆಗಲೇ ಕೆಂಪಾಗಬೇಕು, ಬಿಟ್ಟೊಡನೆ ಕಪ್ಪಾಗಬೇಕು. ಅರ್ಧ ಒತ್ತಿದ ಮೇಲೆ ಹೊತ್ತಿಕೊಂಡರೆ ಸ್ವಿಚ್ ಕೂರಿಸಿದ್ದು ಸರಿಯಿಲ್ಲ. ತೀರಾ ಬಿಗಿಯಾಗಿ ಕೂತಿದ್ದರೆ ಇನ್ನೊಂದು ತಾಪತ್ರಯ: ರಸ್ತೆಯ ಒಂದೊಂದು ಗುಂಡಿಗೂ ಪೆಡಲ್ ಅಲ್ಲಾಡಿ ಕ್ರೂಸ್ ತಾನಾಗಿ ಬಿಟ್ಟುಹೋಗುತ್ತದೆ.

ಕ್ಲಾಕ್ ಸ್ಪ್ರಿಂಗ್ ಅಂದರೆ ಸ್ಟೀರಿಂಗ್ ತಿರುಗುತ್ತಿದ್ದರೂ ಅದರ ಮೇಲಿನ ಗುಂಡಿಗಳಿಗೆ, ಏರ್‌ಬ್ಯಾಗಿಗೆ ಸಂಪರ್ಕ ತಪ್ಪದಂತೆ ನೋಡಿಕೊಳ್ಳುವ ಸುರುಳಿ ವೈರ್. ಅದನ್ನು ಬದಲಾಯಿಸಲು ಏರ್‌ಬ್ಯಾಗ್ ಬಿಚ್ಚಲೇಬೇಕು. ನನ್ನ ಮಟ್ಟಿಗೆ ಕ್ರೂಸಿಗಿಂತ ಇದೇ ದೊಡ್ಡ ವಿಷಯ. ಇಗ್ನಿಷನ್ ಆನ್ ಮಾಡಿದಾಗ ಏರ್‌ಬ್ಯಾಗ್ ದೀಪ ಹೊತ್ತಿ ಕೆಲವು ಸೆಕೆಂಡಿನಲ್ಲಿ ಆರಬೇಕು. ಹೊತ್ತಿಕೊಂಡೇ ಇದ್ದರೂ, ಹೊತ್ತದೇ ಇದ್ದರೂ ಕಾರನ್ನು ವಾಪಸ್ ಗ್ಯಾರೇಜಿಗೆ ಒಯ್ಯಿರಿ. ಆಮೇಲೆ ಎಂಜಿನ್ ಚಾಲೂ ಇಟ್ಟು ಸ್ಟೀರಿಂಗನ್ನು ಈ ತುದಿಯಿಂದ ಆ ತುದಿಗೆ ನಿಧಾನವಾಗಿ ತಿರುಗಿಸುತ್ತಾ ಹಾರ್ನ್, ವಾಲ್ಯೂಮ್ ಗುಂಡಿಗಳನ್ನು ಒತ್ತಿ ನೋಡಿ. ಯಾವುದೋ ಒಂದು ಕೋನದಲ್ಲಿ ಮಾತ್ರ ಹಾರ್ನ್ ಬಾರದಿದ್ದರೆ ಒಳಗಿನ ರಿಬ್ಬನ್ ವೈರ್ ಸರಿಯಾಗಿ ಸುತ್ತಿಕೊಂಡಿಲ್ಲ ಎಂದು ಗುಮಾನಿ ಪಡಿ. ಇದಿಷ್ಟೂ ಸರಿಯಿದ್ದರೆ ರಸ್ತೆಗಿಳಿಯಿರಿ.

ಹಾಸನದಿಂದಾದರೆ ರಾಷ್ಟ್ರೀಯ ಹೆದ್ದಾರಿ 75ರಲ್ಲಿ ಚನ್ನರಾಯಪಟ್ಟಣದ ಕಡೆ ಹೋಗಿ. ನಡುವೆ ಡಿವೈಡರ್ ಇದೆ, ದೂರದವರೆಗೆ ರಸ್ತೆ ಕಾಣುತ್ತದೆ. ಸಕಲೇಶಪುರದ ಕಡೆ ಬೇಡ. ಶಿರಾಡಿ ಘಾಟಿಯಲ್ಲಿ ಕ್ರೂಸಿಗೆ ಕೆಲಸವೇ ಇಲ್ಲ. ಚಿಕ್ಕಮಗಳೂರಿನವರು ಗಿರಿಯ ಕಡೆ ಮುಖ ಮಾಡದೆ ಕಡೂರಿನ ಬಯಲು ರಸ್ತೆ ಹಿಡಿಯಿರಿ. ಮಳೆ ಬರುತ್ತಿದ್ದರೆ ಅವತ್ತು ಬಿಟ್ಟುಬಿಡಿ. ನಿಂತ ನೀರಿನಲ್ಲಿ ಚಕ್ರ ಹಿಡಿತ ತಪ್ಪಿದಾಗಲೂ ಕ್ರೂಸ್ ವೇಗ ಉಳಿಸಿಕೊಳ್ಳಲು ನೋಡುತ್ತದೆ. ಬೆಳಿಗ್ಗೆ ಬೇಗ ಹೊರಡಿ, ಜೊತೆಗೆ ಒಬ್ಬರನ್ನು ಕರೆದುಕೊಳ್ಳಿ. ಡಿವೈಡರ್ ಇದೆಯೆಂದು ನೆಚ್ಚಿಕೊಳ್ಳಬೇಡಿ, ಎದುರಿನಿಂದ ರಾಂಗ್ ಸೈಡಲ್ಲಿ ಬೈಕ್ ಬರುವುದು ನಮ್ಮಲ್ಲಿ ಹೊಸದೇನಲ್ಲ.

ಅರವತ್ತಕ್ಕೆ ಸೆಟ್ ಮಾಡಿ. ಹಿಡಿದ ತಕ್ಷಣ ಖುಷಿಪಡದೆ ಬ್ರೇಕನ್ನು ಮೆಲ್ಲಗೆ ಮುಟ್ಟಿ. ಕ್ರೂಸ್ ಬಿಟ್ಟು ವೇಗ ಇಳಿಯಬೇಕು. ರೆಸ್ಯೂಮ್ ಒತ್ತಿ, ವೇಗ ಮತ್ತೆ ಅರವತ್ತಕ್ಕೆ ಬಂದ ಮೇಲೆ ಕ್ಲಚ್ ಒತ್ತಿ. ಆಗ ಎಂಜಿನ್ ಗುಂಯ್ಯೆಂದು ಏರುತ್ತಲೇ ಹೋದರೆ ಕ್ಲಚ್ ಸ್ವಿಚ್ ಸುದ್ದಿ ಕೊಡುತ್ತಿಲ್ಲ. ಪರೀಕ್ಷೆ ಅಲ್ಲಿಗೇ ನಿಲ್ಲಿಸಿ. ನಂತರ ಕ್ಯಾನ್ಸಲ್ ಗುಂಡಿ, ಕೊನೆಗೆ ಮೇನ್ ಸ್ವಿಚ್. ಯಾವುದಕ್ಕೂ ಬಗ್ಗದೆ ಕಾರು ಓಡುತ್ತಲೇ ಇದ್ದರೆ ಗಾಬರಿಯಾಗದೆ ಬ್ರೇಕನ್ನು ಗಟ್ಟಿಯಾಗಿ ಒಂದೇ ಸಮ ಒತ್ತಿಹಿಡಿದು, ಕ್ಲಚ್ ಒತ್ತಿ ನ್ಯೂಟ್ರಲ್ ಮಾಡಿ. ಓಡುತ್ತಿರುವಾಗ ಕೀ ಮಾತ್ರ ಎಳೆಯಬೇಡಿ, ಸ್ಟೀರಿಂಗ್ ಲಾಕ್ ಆದೀತು.

ಬಿಡುವುದು ಸರಿಯಿದ್ದ ಮೇಲೆ ಹಿಡಿಯುವುದನ್ನು ನೋಡಿ. ಇಲ್ಲಿ ಪಕ್ಕದಲ್ಲಿ ಕೂತವರಿಗೆ ಕೆಲಸವಿದೆ: ಕಣ್ಣು ಮುಚ್ಚಿಕೊಂಡು, ಕಾರು ಜಗ್ಗುತ್ತದೆಯೇ ಎಂದು ಗಮನಿಸಲಿ. ಈ ಸಾಧನಕ್ಕೆ 1950ರಲ್ಲಿ ಪೇಟೆಂಟ್ ಪಡೆದ ಅಮೆರಿಕದ ಎಂಜಿನಿಯರ್ ರಾಲ್ಫ್ ಟೀಟರ್ ಬಾಲ್ಯದಲ್ಲೇ ದೃಷ್ಟಿ ಕಳೆದುಕೊಂಡವರು. ಮಾತಾಡುತ್ತಾ ವೇಗ ಏರಿಳಿಸುತ್ತಿದ್ದ ವಕೀಲರೊಬ್ಬರ ಕಾರಿನಲ್ಲಿ ಕೂತು ಬೇಸತ್ತು ಅವರಿಗೆ ಇದು ಹೊಳೆಯಿತು ಎಂಬ ಕತೆಯಿದೆ. ಸಮ ರಸ್ತೆಯಲ್ಲಿ ಕಾರು ಎಳೆದು ಬಿಟ್ಟು, ಎಳೆದು ಬಿಟ್ಟು ಮಾಡಿದರೆ ದೋಷ ಗುಂಡಿಗಳಲ್ಲಿಲ್ಲ. ಥ್ರಾಟಲ್ ಬಾಡಿ (ಎಂಜಿನ್ನಿಗೆ ಹೋಗುವ ಗಾಳಿಯನ್ನು ಹೆಚ್ಚು ಕಡಿಮೆ ಮಾಡುವ ಭಾಗ) ಅಥವಾ ಚಕ್ರದ ಸ್ಪೀಡ್ ಸೆನ್ಸರ್ ನೋಡಿಸಿ.

ಕೆಲವನ್ನು ದೋಷವೆಂದು ಎಣಿಸಬೇಡಿ. ಮೂವತ್ತರಲ್ಲಿ ಸೆಟ್ ಆಗದಿರುವುದು ಹಲವು ಕಾರುಗಳಲ್ಲಿ ಸಹಜ, ಕನಿಷ್ಠ ವೇಗ ಎಷ್ಟೆಂದು ಕಾರಿನ ಪುಸ್ತಕದಲ್ಲಿರುತ್ತದೆ. ಇಳಿಜಾರಿನಲ್ಲಿ ಸೆಟ್ ಮಾಡಿದ ವೇಗ ಮೀರಬಹುದು, ಯಾಕೆಂದರೆ ಸಾಮಾನ್ಯ ಕ್ರೂಸ್ ಥ್ರಾಟಲನ್ನಷ್ಟೇ ಆಳುತ್ತದೆ, ಬಹಳಷ್ಟು ಕಾರುಗಳಲ್ಲಿ ಬ್ರೇಕ್ ಹಾಕುವುದಿಲ್ಲ. ಮೊಬೈಲಿನ ಜಿಪಿಎಸ್ ಎರಡು ಮೂರು ಕಿಲೋಮೀಟರ್ ಕಡಿಮೆ ತೋರಿಸಿದರೆ ಅದೂ ಸರಿಯೇ, ಸ್ಪೀಡೋಮೀಟರ್ ಸ್ವಲ್ಪ ಹೆಚ್ಚು ತೋರಿಸುವಂತೆಯೇ ಮಾಡಿರುತ್ತಾರೆ.

ಮುಂದಿನ ವಾಹನ ನೋಡಿಕೊಂಡು ತಾನೇ ವೇಗ ತಗ್ಗಿಸುವ ಅಡಾಪ್ಟಿವ್ ಕ್ರೂಸ್ ಇರುವವರಿಗೆ ಇಷ್ಟೇ ಸಾಲದು. ಬಂಪರ್ ಅಥವಾ ಮುಂದಿನ ಗಾಜು ಬಿಚ್ಚಿದ್ದರೆ ರೇಡಾರ್, ಕ್ಯಾಮೆರಾ ಕ್ಯಾಲಿಬ್ರೇಷನ್ ಮಾಡಿದ್ದಾರೆಯೇ ಎಂದು ಕೇಳಿ. ನಿಂತ ಲಾರಿಯ ಹಿಂದೆ ಹೋಗಿ ಪರೀಕ್ಷೆ ಮಾಡುವ ಸಾಹಸ ಬೇಡ, ನಿಂತ ವಾಹನವನ್ನು ಇವು ಗುರುತಿಸದೇ ಇರಬಹುದು.

ಏನಾದರೂ ಸರಿಯಿಲ್ಲವೆನಿಸಿದರೆ ಯಾವ ವೇಗದಲ್ಲಿ, ಏನು ಒತ್ತಿದಾಗ, ಏರೋ ಇಳಿಜಾರೋ ಎಂದು ಪಕ್ಕದವರಿಂದ ಬರೆಸಿಡಿ. ಗ್ಯಾರೇಜಿನಲ್ಲಿ ಸ್ಕ್ಯಾನರ್ ಹಾಕಿದೊಡನೆ ಅದು ತೋರಿಸುವ ದೋಷದ ಕೋಡ್ ಅಳಿಸಲು ಬಿಡಬೇಡಿ, ಮೊದಲು ಫೋಟೊ ತೆಗೆದುಕೊಳ್ಳಿ. ಆಮೇಲೆ ಸ್ಕ್ಯಾನರಿನಲ್ಲಿ ಲೈವ್ ಡೇಟಾ (ಕಂಪ್ಯೂಟರಿಗೆ ಆ ಕ್ಷಣ ಮುಟ್ಟುತ್ತಿರುವ ಸುದ್ದಿ) ತೆರೆಸಿ, ನೀವೇ ಬ್ರೇಕ್, ಕ್ಲಚ್ ಒತ್ತುತ್ತಾ ಪರದೆಯಲ್ಲಿ ಎರಡೂ ಬದಲಾಗುತ್ತವೆಯೇ ನೋಡಿ.