ಬೆಲೆ ಏರಲಿ ಅಂತ ಇಪ್ಪತ್ತು ವರ್ಷ ಕಾದ ಬ್ಯಾಂಕು: ಜಪಾನಿನ ಬಡ್ಡಿ ಕಥೆ ಎಲ್ಲಿಂದ ಶುರುವಾಯ್ತು

2024ರ ಜುಲೈ ಕೊನೇಲಿ ಜಪಾನಿನ ಸೆಂಟ್ರಲ್ ಬ್ಯಾಂಕು, ಅಂದ್ರೆ ನಮ್ಮ ರಿಸರ್ವ್ ಬ್ಯಾಂಕ್ ಥರದ ಬ್ಯಾಂಕ್ ಆಫ್ ಜಪಾನ್, ಬಡ್ಡಿ ದರನ 0.25%ಗೆ ಏರಿಸ್ತು. ಆಗಸ್ಟ್ 5ಕ್ಕೆ ಅಲ್ಲಿನ ಷೇರುಪೇಟೆಯ ನಿಕ್ಕೇ ಸೂಚ್ಯಂಕ ಒಂದೇ ದಿನದಲ್ಲಿ 12%ಗಿಂತ ಜಾಸ್ತಿ ಬಿತ್ತು. ಅಮೆರಿಕದ ಉದ್ಯೋಗದ ಅಂಕಿ ಅಂಶ ಚೆನ್ನಾಗಿಲ್ದೇ ಇದ್ದಿದ್ದೂ ಅದಕ್ಕೆ ಸೇರಿತ್ತು ನಿಜ, ಆದ್ರೂ ಕಾಲು ಪರ್ಸೆಂಟ್ ಬಡ್ಡಿಗೆ ಇಷ್ಟು ಗಾಬರಿ ಯಾಕೆ ಅಂತ ಕೇಳಿದವರೇ ಜಾಸ್ತಿ. ಆಮೇಲಿಂದ ಪ್ರತಿ ಮೀಟಿಂಗಿಗೂ ಇದೇ ಗಲಾಟೆ, ಏರಿಸ್ತಾರಾ ಇಲ್ವಾ, ಏರಿಸಿದ್ರೆ ಸರಿನಾ ತಪ್ಪಾ. ಹಿಂದಿನದು ಗೊತ್ತಿಲ್ದೇ ಈ ಸುದ್ದಿ ಓದಿದ್ರೆ ತಲೆಬುಡ ಅರ್ಥ ಆಗಲ್ಲ.

ಮೊದಲು ಪ್ರಪಂಚದ ಕಥೆ ಚುಟುಕಾಗಿ. 1970ರ ದಶಕದಲ್ಲಿ ಎಣ್ಣೆ ಬೆಲೆ ಜೊತೆ ಎಲ್ಲಾ ಏರಿತು, ಅಮೆರಿಕದಲ್ಲಿ 1980ರ ಹೊತ್ತಿಗೆ ಹಣದುಬ್ಬರ 14% ದಾಟಿತ್ತು, ಅಲ್ಲಿನ ಸೆಂಟ್ರಲ್ ಬ್ಯಾಂಕಿನ ಮುಖ್ಯಸ್ಥ ಪಾಲ್ ವೋಲ್ಕರ್ ಬಡ್ಡಿನ 20% ಹತ್ರ ಒಯ್ದು ಅದನ್ನ ಬಗ್ಗುಬಡಿದ್ರು, ನಿರುದ್ಯೋಗ 10% ಮೀರಿತು. ಅದರಿಂದ ಸೆಂಟ್ರಲ್ ಬ್ಯಾಂಕುಗಳು ಕಲಿತ ಪಾಠ ಏನಪ್ಪಾ ಅಂದ್ರೆ, ಬೆಲೆ ಏರುತ್ತೆ ಅಂತ ಜನ ನಂಬಿಬಿಟ್ರೆ ಸಂಬಳ ಜಾಸ್ತಿ ಕೇಳ್ತಾರೆ, ಅಂಗಡಿಯವ್ರು ಮೊದಲೇ ರೇಟ್ ಏರಿಸ್ತಾರೆ, ನಂಬಿಕೆಯೇ ನಿಜ ಆಗಿಬಿಡುತ್ತೆ, ಹಾಗಾಗಿ ಮೊದಲು ಆ ನಿರೀಕ್ಷೆನ ಕಟ್ಟಿಹಾಕ್ಬೇಕು. 1990ರಲ್ಲಿ ನ್ಯೂಜಿಲೆಂಡ್ ಹಣದುಬ್ಬರಕ್ಕೆ 0ರಿಂದ 2% ಅಂತ ಟಾರ್ಗೆಟ್ ಇಟ್ಕೊಂಡ್ತು, ಕೆನಡಾ, ಬ್ರಿಟನ್, ಸ್ವೀಡನ್ ಹಿಂದೆ ಬಂದ್ವು, 2012ರಲ್ಲಿ ಅಮೆರಿಕವೂ 2% ಅಂತ ಅಧಿಕೃತವಾಗಿ ಹೇಳ್ತು. ಎಲ್ಲರ ಲೆಕ್ಕವೂ ಬೆಲೆ ಏರದ ಹಾಗೆ ತಡೆಯೋದು ಹೇಗೆ ಅನ್ನೋದರ ಸುತ್ತಲೇ. ಬೆಲೆ ಏರೋದೇ ನಿಂತುಹೋದ್ರೆ ಏನ್ ಮಾಡೋದು ಅಂತ ಯಾರೂ ಅಷ್ಟಾಗಿ ಯೋಚಿಸಿರ್ಲಿಲ್ಲ.

ಜಪಾನಿಗೆ ಆಗಿದ್ದು ಅದೇ. 1989ರ ಡಿಸೆಂಬರ್ 29ಕ್ಕೆ ನಿಕ್ಕೇ 38,915ಕ್ಕೆ ಮುಗಿದು ತುತ್ತತುದಿಲಿತ್ತು, ಜಾಗದ ಬೆಲೆಯಂತೂ ಕೇಳೋ ಹಾಗೇ ಇರ್ಲಿಲ್ಲ. ಹೀಗೆ ಉಬ್ಬಿದ ಬೆಲೆಗಳ ಗುಳ್ಳೆ ಒಡೀತು. 1990ರಲ್ಲಿ 6% ಇದ್ದ ಬ್ಯಾಂಕಿನ ದರ 1995ಕ್ಕೆ 0.5%ಗೆ ಬಂತು, 1999ರ ಫೆಬ್ರವರಿಲಿ ಸೊನ್ನೆ. ಅಷ್ಟೊತ್ತಿಗೆ ಬೆಲೆಗಳು ನಿಧಾನಕ್ಕೆ ಇಳಿಯೋಕೆ ಶುರು, ಹೆಚ್ಚಿನ ವರ್ಷಗಳಲ್ಲಿ 1%ಗೂ ಕಮ್ಮಿ, ಆದ್ರೆ ಬಿಡದೆ.

ಬೆಲೆ ಇಳಿದ್ರೆ ಒಳ್ಳೇದೇ ಅಲ್ವಾ ಅಂತ ಅನ್ಸುತ್ತೆ. ಆದ್ರೆ ಸಾಲ ಮಾಡಿದವನ ಕಡೆಯಿಂದ ನೋಡಿ. ಬಡ್ಡಿ 2%, ಬೆಲೆ ಮತ್ತು ಸಂಬಳ ವರ್ಷಕ್ಕೆ 3% ಏರ್ತಿದ್ರೆ ಸಾಲದ ಭಾರ ತಾನೇ ಕರಗುತ್ತೆ. ಅದೇ ಬಡ್ಡಿ ಸೊನ್ನೆ ಇದ್ದು ಬೆಲೆ 1% ಇಳೀತಿದ್ರೆ ಪುಕ್ಕಟೆ ಸಾಲವೂ ನಿಜವಾಗಿ 1% ಬಡ್ಡಿ ಇದ್ದ ಹಾಗೆ. ಬ್ಯಾಂಕು ಇನ್ನೂ ಇಳಿಸೋಣ ಅಂದ್ರೆ ಸೊನ್ನೆಯಿಂದ ಕೆಳಗೆ ಹೆಚ್ಚು ಜಾಗ ಇಲ್ಲ, ಯಾಕಂದ್ರೆ ಜನ ನೋಟು ತಗೊಂಡು ಮನೇಲಿಟ್ಕೊಂಡ್ರೆ ಮುಗೀತು. ಉಳಿದಿದ್ದು ಒಂದೇ ದಾರಿ, ಮುಂದೆ ಬೆಲೆ ಏರುತ್ತೆ ಅಂತ ಜನರನ್ನ ನಂಬಿಸೋದು. ವೋಲ್ಕರ್ ಕಾಲದ ಪಾಠನ ತಲೆಕೆಳಗೆ ಮಾಡಿ ಹಿಡ್ಕೊಂಡಂಗೆ.

ನಂಬಿಸೋದು ಯಾಕೆ ಕಷ್ಟ ಆಯ್ತು ಅಂತ ತಿಳೀಬೇಕಾದ್ರೆ ಒಂದು ಐಸ್ ಕಡ್ಡಿ ನೋಡ್ಬೇಕು. ಗಾರಿಗಾರಿ ಕುನ್ ಅಂತ ಅಲ್ಲಿ ಮಕ್ಕಳು ದೊಡ್ಡೋರು ಎಲ್ಲಾ ತಿನ್ನೋ ಅಗ್ಗದ ಐಸು. 25 ವರ್ಷ ಬೆಲೆ ಏರಿಸದೇ ಇದ್ದು 2016ರ ಏಪ್ರಿಲಲ್ಲಿ 60 ಯೆನ್ ಇದ್ದಿದ್ದನ್ನ 70 ಮಾಡಿದ್ರು. ಹತ್ತು ಯೆನ್. ಅದಕ್ಕೆ ಕಂಪನಿಯ ದೊಡ್ಡವರೂ ನೌಕರರೂ ಸಾಲಾಗಿ ನಿಂತು ತಲೆ ಬಗ್ಗಿಸಿ ಕ್ಷಮೆ ಕೇಳೋ ಟಿವಿ ಜಾಹೀರಾತು ಮಾಡಿದ್ರು! ಬೆಲೆ ಏರಿಸೋದು ಗ್ರಾಹಕನಿಗೆ ಮಾಡೋ ದ್ರೋಹ ಅನ್ನೋ ಮಟ್ಟಕ್ಕೆ ಅಭ್ಯಾಸ ಹೋಗಿತ್ತು. ಏರಿಸೋಕೆ ಧೈರ್ಯ ಸಾಲದ ಕಂಪನಿಗಳು ಬೆಲೆ ಹಾಗೇ ಇಟ್ಟು ಪ್ಯಾಕೆಟ್ಟನ್ನ ಸಣ್ಣ ಮಾಡ್ತಿದ್ವು. ಬೆಲೆ ಏರಿಸೋಕೆ ಆಗದವ್ರು ಸಂಬಳ ಎಲ್ಲಿಂದ ಏರಿಸ್ತಾರೆ? 1997ರ ಆಸುಪಾಸಲ್ಲಿ ತುದಿ ಮುಟ್ಟಿದ ಸರಾಸರಿ ಸಂಬಳ ಆಮೇಲೆ ಎರಡು ದಶಕ ಹೆಚ್ಚು ಕಮ್ಮಿ ಅಲ್ಲೇ ಕೂತಿತ್ತು. ಸಂಬಳ ಏರದ ಮನುಷ್ಯ 10 ಯೆನ್‌ಗೂ ಲೆಕ್ಕ ಹಾಕ್ತಾನೆ, ಅವನು ಲೆಕ್ಕ ಹಾಕ್ತಾನೆ ಅಂತ ಅಂಗಡಿಯವ್ನು ಏರಿಸಲ್ಲ. ಈ ಸುತ್ತು ನನ್ನ ಪ್ರಕಾರ ಇಡೀ ಕಥೆಯ ತಿರುಳು, ಬಡ್ಡಿ ದರ ಇದರ ಹೊರಗಡೆ ನಿಂತು ಬಾಗಿಲು ತಟ್ತಾ ಇತ್ತು ಅಷ್ಟೇ.

2013ರ ಜನವರಿಲಿ ಸರ್ಕಾರ, ಬ್ಯಾಂಕು ಸೇರಿ 2% ಟಾರ್ಗೆಟ್ ಘೋಷಿಸಿದ್ವು. ಮಾರ್ಚಲ್ಲಿ ಬಂದ ಬ್ಯಾಂಕಿನ ಹೊಸ ಗವರ್ನರ್ ಹರುಹಿಕೊ ಕುರೊಡ ಏಪ್ರಿಲಲ್ಲಿ ಎರಡು ಪರ್ಸೆಂಟ್, ಎರಡು ವರ್ಷ, ಹಣದ ಪ್ರಮಾಣ ಎರಡು ಪಟ್ಟು ಅಂತ ಬೋರ್ಡಲ್ಲಿ ಬರೆದು ತೋರಿಸಿದ್ರು. ಜನರ ಮನಸ್ಸಿಗೆ ಒಂದು ಶಾಕ್ ಕೊಡೋದೇ ಉದ್ದೇಶ. ಯೆನ್ ಇಳೀತು, ಷೇರು ಏರಿತು, 2014ರ ವಸಂತದಲ್ಲಿ ಹಣದುಬ್ಬರ 1.5% ಹತ್ರ ಬಂದಿತ್ತು ಕೂಡ. ಆದ್ರೆ ಆ ವರ್ಷದ ಏಪ್ರಿಲಲ್ಲಿ ಸರ್ಕಾರ ಬಳಕೆ ತೆರಿಗೆನ 5ರಿಂದ 8%ಗೆ ಏರಿಸ್ತು. ಎತ್ತು ಏರಿಗೆಳೆದ್ರೆ ಕೋಣ ನೀರಿಗೆಳೀತು ಅನ್ನೋ ಹಾಗಾಯ್ತು: ಒಂದು ಕೈ ಖರ್ಚು ಮಾಡಿ ಅನ್ನುತ್ತೆ, ಇನ್ನೊಂದು ಕೈ ಜೇಬಿಗೇ ಬರುತ್ತೆ. ತೆರಿಗೆ ಏರಿಸೋಕೂ ಕಾರಣ ಇತ್ತು, ವಯಸ್ಸಾದವ್ರ ಪಿಂಚಣಿ, ಆಸ್ಪತ್ರೆ ಖರ್ಚು, ಸರ್ಕಾರದ ಸಾಲ. ವರ್ಷದ ಕೊನೇಲಿ ಕಚ್ಚಾ ತೈಲವೂ ಕುಸೀತು. ಎರಡು ವರ್ಷದ ಗಡುವನ್ನ ಮುಂದೆ ಹಾಕಿ, ಮತ್ತೆ ಮುಂದೆ ಹಾಕಿ, 2018ರಲ್ಲಿ ಗಡುವನ್ನೇ ತೆಗೆದುಹಾಕಿದ್ರು.

ಮಧ್ಯೆ 2016ರ ಜನವರಿಲಿ ಬಡ್ಡಿ ಮೈನಸ್ 0.1%, ಅಂದ್ರೆ ದುಡ್ಡು ಇಟ್ಟವ್ರೇ ಬಡ್ಡಿ ಕಟ್ಟೋದು. ಯುರೋಪಿನ ಸೆಂಟ್ರಲ್ ಬ್ಯಾಂಕು 2014ರಲ್ಲೇ ಮೈನಸ್‌ಗೆ ಹೋಗಿತ್ತು, ಹಾಗಾಗಿ ಹೊಸದಲ್ಲ. ಇದು ಬ್ಯಾಂಕುಗಳು ಸೆಂಟ್ರಲ್ ಬ್ಯಾಂಕಲ್ಲಿ ಇಟ್ಟ ದುಡ್ಡಿನ ಒಂದು ಭಾಗಕ್ಕೆ ಮಾತ್ರ, ಸಾಮಾನ್ಯ ಜನರ ಡಿಪಾಸಿಟ್‌ಗೆ ಅಲ್ಲ. ಆದ್ರೆ ಜನ ಕೇಳಿಸ್ಕೊಂಡಿದ್ದೇ ಬೇರೆ. ದೊಡ್ಡ ಬ್ಯಾಂಕುಗಳು ಉಳಿತಾಯ ಖಾತೆ ಬಡ್ಡಿನ 0.001% ಮಾಡಿದ್ವು, ಅಂದ್ರೆ ಹತ್ತು ಲಕ್ಷ ಯೆನ್ ಇಟ್ರೆ ವರ್ಷಕ್ಕೆ ಹತ್ತು ಯೆನ್, ಅದರಲ್ಲಿ ಒಂದು ಐಸ್ ಕಡ್ಡಿನೂ ಬರಲ್ಲ. ಮನೇಲಿ ದುಡ್ಡಿಡೋ ತಿಜೋರಿಗಳಿಗೆ ಬೇಡಿಕೆ ಬಂತು ಅಂತ ಪತ್ರಿಕೆಗಳಲ್ಲಿ ಸುದ್ದಿ. ಖರ್ಚು ಮಾಡ್ಲಿ ಅಂತ ತಂದ ಕ್ರಮ ನೋಡಿ ಒಂದಷ್ಟು ಜನ ಪರಿಸ್ಥಿತಿ ಇಷ್ಟು ಕೆಟ್ಟಿದ್ಯಾ ಅಂತ ಇನ್ನೂ ಕೈ ಬಿಗಿ ಮಾಡಿದ್ರು.

ಇದು ಜಪಾನಿನವರ ವಿಚಿತ್ರ ಸ್ವಭಾವ ಅಂತ ತಳ್ಳಿಹಾಕೋ ಹಾಗಿಲ್ಲ. ಬೇರೆ ದೇಶಗಳ ಸಮೀಕ್ಷೆಗಳಲ್ಲೂ ಕಂಡಿದ್ದು ಇದೇ: ತುಂಬಾ ಜನರಿಗೆ ಸೆಂಟ್ರಲ್ ಬ್ಯಾಂಕಿನ ಟಾರ್ಗೆಟ್ ಎಷ್ಟು ಅಂತಲೇ ಗೊತ್ತಿರಲ್ಲ, ಅವರು ಅಂದಾಜು ಮಾಡೋದು ಪದೇ ಪದೇ ಕೊಳ್ಳೋ ದಿನಸಿ, ಪೆಟ್ರೋಲ್ ನೋಡಿ. ಇನ್ನೊಂದು, ಅರ್ಥಶಾಸ್ತ್ರದ ಮಾದರಿಲಿ ಬೆಲೆ ಏರುತ್ತೆ ಅಂದ್ರೆ ಮನುಷ್ಯ ಇವತ್ತೇ ಕೊಂಡುಕೊಳ್ತಾನೆ, ನಿಜ ಜೀವನದಲ್ಲಿ ಬಹಳ ಜನರಿಗೆ ಅದು ಕೆಟ್ಟ ಕಾಲ ಬರ್ತಿದೆ ಅನ್ನೋ ಸೂಚನೆ. ಸಂಬಳ ಏರೋ ಭರವಸೆ ಇಲ್ದೇ ಇದ್ರೆ ಯಾವ ಗವರ್ನರ್ ಏನೇ ಭಾಷಣ ಮಾಡಿದ್ರೂ ಅಷ್ಟೇ.

ಕೊನೆಗೆ ಬೆಲೆ ಏರಿಸಿದ್ದು ಬ್ಯಾಂಕಿನ ಮಾತಲ್ಲ, ಹೊರಗಿಂದ ಬಂದ ಹೊಡೆತ. ಕೋವಿಡ್ ನಂತರದ ಸರಕಿನ ಕೊರತೆ, ಉಕ್ರೇನ್ ಯುದ್ಧ, ಅಮೆರಿಕ ಬಡ್ಡಿ ಏರಿಸಿದಾಗ ಇವ್ರು ಏರಿಸದೇ ಕೂತಿದ್ದಕ್ಕೆ ಬಿದ್ದ ಯೆನ್. 2022ರ ಶುರುಲಿ ಡಾಲರಿಗೆ 115 ಯೆನ್ ಇದ್ದಿದ್ದು ಅಕ್ಟೋಬರಲ್ಲಿ 150 ದಾಟಿತು. ಆ ಜೂನಲ್ಲಿ ಕುರೊಡ ಒಂದು ಭಾಷಣದಲ್ಲಿ ಬೆಲೆ ಏರಿಕೆನ ಕುಟುಂಬಗಳು ಸಹಿಸ್ಕೊಳ್ಳೋದು ಹೆಚ್ಚಿದೆ ಅನ್ನೋ ಅರ್ಥದಲ್ಲಿ ಮಾತಾಡಿದ್ರು. ಅದಕ್ಕೆ ಸಮೀಕ್ಷೆಯ ಆಧಾರವೂ ಇತ್ತು, ಆದ್ರೆ ಜನ ಉರಿದುಬಿದ್ರು, ಅವರು ಮಾತು ವಾಪಸ್ ತಗೊಂಡ್ರು. ಹತ್ತು ವರ್ಷ ಬೇಡಿದ್ದು ಕೈಗೆ ಬಂದಾಗ ಸಂತೋಷ ತೋರಿಸೋ ಹಾಗೂ ಇಲ್ಲ!

2023ರ ಜನವರಿಲಿ ಹಣದುಬ್ಬರ 4% ದಾಟಿತು, 1981ರ ನಂತರ ಅಷ್ಟು ಕಂಡಿರ್ಲಿಲ್ಲ. 2024ರ ವಸಂತದ ಸಂಬಳ ಮಾತುಕತೆಲಿ ದೊಡ್ಡ ಯೂನಿಯನ್ನುಗಳಿಗೆ 5%ಗೂ ಜಾಸ್ತಿ ಸಿಕ್ತು, ಮೂರು ದಶಕಗಳಲ್ಲೇ ದೊಡ್ಡದು. ಆ ಮಾರ್ಚಲ್ಲೇ ಹೊಸ ಗವರ್ನರ್ ಕಜುವೊ ಉಯೆದ ಮೈನಸ್ ಬಡ್ಡಿ ಮುಗಿಸಿದ್ರು, 17 ವರ್ಷದಲ್ಲಿ ಮೊದಲ ಏರಿಕೆ. 2025ರ ಜನವರಿಗೆ 0.5%. ಯೆನ್ ಅಗ್ಗದಲ್ಲಿ ಸಾಲ ತಗೊಂಡು ಬೇರೆ ಕಡೆ ಹೂಡಿದವ್ರು ಪ್ರಪಂಚದ ತುಂಬಾ ಇದ್ದಾರೆ, 2024ರ ಆಗಸ್ಟಿನ ಗಾಬರಿಗೆ ಅವರು ಹೂಡಿದ್ದನ್ನ ಮಾರಿ ಓಡಿ ಬಂದು ಸಾಲ ತೀರಿಸಿದ್ದೂ ಒಂದು ಕಾರಣ.

ಆಮೇಲಿನ ಜಗಳ ಇನ್ನೂ ವಿಚಿತ್ರ. 2025ರಲ್ಲಿ ಅಕ್ಕಿ ಬೆಲೆ ಹಿಂದಿನ ವರ್ಷದ ಎರಡು ಪಟ್ಟು ಹತ್ರ ಹೋಗಿ ಸರ್ಕಾರ ದಾಸ್ತಾನು ಬಿಡಬೇಕಾಯ್ತು. ಸಂಬಳ ಏರಿದ್ರೂ ಬೆಲೆ ಅದಕ್ಕಿಂತ ಮುಂದೆ ಓಡಿದ್ರಿಂದ 2024ರ ಮೇ ತನಕ ಸತತ 26 ತಿಂಗಳು ನಿಜವಾದ ಸಂಬಳ ಇಳಿದಿತ್ತು. ಮನೆ ಸಾಲ ತಗೊಂಡವ್ರಲ್ಲಿ ಹೆಚ್ಚಿನವ್ರದು ಬದಲಾಗೋ ಬಡ್ಡಿ, ಬಡ್ಡಿ ಏರಿದ್ರೆ ಅವರಿಗೆ ಕಷ್ಟ, ಏರಿಸದಿದ್ರೆ ಯೆನ್ ಬಿದ್ದು ಆಮದು ದುಬಾರಿ. 2022ರ ಏಪ್ರಿಲಿನಿಂದ ಮೂರು ವರ್ಷಕ್ಕೂ ಹೆಚ್ಚು ಕಾಲ ಹಣದುಬ್ಬರ 2% ಮೇಲೇ ಇದ್ರೂ ಬ್ಯಾಂಕು ಹೇಳ್ತಾ ಬಂದಿದ್ದು, ಎಣ್ಣೆ, ಅಕ್ಕಿ ಥರದ ತಾತ್ಕಾಲಿಕ ಏರಿಕೆ ಬಿಟ್ಟು ಒಳಗಿನ ಹಣದುಬ್ಬರ ನೋಡಿದ್ರೆ ಅದಿನ್ನೂ ಪೂರ್ತಿ 2% ಮುಟ್ಟಿಲ್ಲ ಅಂತ.