ಬೆಕ್ಕಿನ ಬಾಯಿ ನಾತಕ್ಕೆ ಮೀನನ್ನು ದೂರಬೇಡಿ

ಕಕ್ಕಡದ ಮಳೆ ಹಿಡಿಯಿತೆಂದರೆ ಮಡಿಕೇರಿ ಕಡೆಯ ಮನೆಗಳಲ್ಲಿ ಬೆಕ್ಕುಗಳು ಒಲೆಯ ಬುಡ ಬಿಟ್ಟು ಕದಲುವುದಿಲ್ಲ. ಅಂಥದೊಂದು ಸಂಜೆ ನಮ್ಮ ಬೆಳ್ಳಿ ಮಡಿಲಿಗೆ ಹತ್ತಿ, ಮುಖದ ಹತ್ತಿರವೇ ಆಕಳಿಸಿದಳು. ತಡೆಯಲಾಗದ ನಾತ. ‘ಮಧ್ಯಾಹ್ನ ಮತ್ತಿ ಮೀನಿನ ತಲೆ ತಿಂದಿದ್ದಾಳಲ್ಲ’ ಅಂದರು ಮನೆಯಲ್ಲಿ. ನಾನೂ ಹೂಂಗುಟ್ಟಿದೆ. ಆ ಮಾತು ಸುಳ್ಳೆಂದು ಗೊತ್ತಾಗಲು ಎರಡು ತಿಂಗಳು ಹಿಡಿಯಿತು. ಅಷ್ಟೂ ದಿನ ಅವಳು ನೋವು ನುಂಗಿಕೊಂಡು ನಮ್ಮ ನಡುವೆ ಓಡಾಡಿದ್ದಳು ಎಂಬುದು ಈಗಲೂ ನನ್ನನ್ನು ಕೊರೆಯುತ್ತದೆ.

ಮೀನಿನ ವಾಸನೆ ಊಟವಾದ ಸ್ವಲ್ಪ ಹೊತ್ತಿಗೆ ಹೋಗಿಬಿಡುತ್ತದೆ. ಬೆಳಿಗ್ಗೆ ಬರಿಹೊಟ್ಟೆಯಲ್ಲೂ ನಾರುವ ಬಾಯಿಯಲ್ಲಿ ಹೆಚ್ಚಾಗಿ ಏನೋ ಕೊಳೆಯುತ್ತಿರುತ್ತದೆ. ಡಿಸೆಂಬರ್, ಜನವರಿಯಲ್ಲಿ ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪಿಂಗ್ ಆಗುವಾಗ ತ್ಯಾಜ್ಯ ನೀರಿನ ಗುಂಡಿಯಿಂದ ಏಳುವ ಕೊಳೆತ ಮೊಟ್ಟೆಯಂಥ ನಾತ ನಮಗೆಲ್ಲ ಗೊತ್ತು. ಗಾಳಿಯಾಡದ ಕಡೆ ಬೆಳೆಯುವ ಬ್ಯಾಕ್ಟೀರಿಯಾಗಳ ಕೆಲಸ ಅದು. ಬೆಕ್ಕಿನ ಹಲ್ಲಿಗೂ ವಸಡಿಗೂ ನಡುವಿನ ಸಂದಿಯಲ್ಲೂ ಗಾಳಿಯಾಡುವುದಿಲ್ಲ. ಅಲ್ಲಿನ ಬ್ಯಾಕ್ಟೀರಿಯಾಗಳು ಪ್ರೋಟೀನನ್ನು ಒಡೆದು ಹೈಡ್ರೋಜನ್ ಸಲ್ಫೈಡ್, ಮೀಥೈಲ್ ಮರ್ಕ್ಯಾಪ್ಟನ್ ಎಂಬ ಗಂಧಕದ ಅನಿಲಗಳನ್ನು ಬಿಡುತ್ತವೆ. ಮೂಗಿಗೆ ಬಡಿಯುವುದು ಇವೇ.

ಶುರುವಾಗುವುದು ತೆಳ್ಳನೆಯ ಲೋಳೆಯಿಂದ. ಹಲ್ಲಿನ ಮೇಲೆ ಕೂತ ಈ ಪ್ಲಾಕನ್ನು ಉಜ್ಜಿ ತೆಗೆಯದಿದ್ದರೆ ಜೊಲ್ಲಿನಲ್ಲಿರುವ ಕ್ಯಾಲ್ಸಿಯಂ ಸೇರಿಕೊಂಡು ಕೆಲವೇ ದಿನಗಳಲ್ಲಿ ಗಟ್ಟಿ ಟಾರ್ಟರ್ ಆಗುತ್ತದೆ. ಅದರ ಒರಟು ಮೈಮೇಲೆ ಮತ್ತಷ್ಟು ಲೋಳೆ. ವಸಡು ಊದಿಕೊಂಡು ಹಲ್ಲಿನಿಂದ ಬಿಡುತ್ತಾ ಬರುತ್ತದೆ, ಬೇರು ಹಿಡಿದಿರುವ ಮೂಳೆ ಕರಗುತ್ತದೆ. ಬಾಯಿ ನಾರುವ ಬೆಕ್ಕುಗಳಲ್ಲಿ ಹೆಚ್ಚಿನವುಗಳ ಕಥೆ ಇದೇ.

ಬೆಳ್ಳಿ ತಟ್ಟೆಯ ಮುಂದೆ ಕೂತು, ಒಂದು ತುತ್ತು ಬಾಯಿಗಿಟ್ಟು, ತಲೆ ಓರೆ ಮಾಡಿ ಅದನ್ನು ಕೆಳಗೆ ಬೀಳಿಸಿದ ದಿನ ಟಾರ್ಚ್ ಹಿಡಿದು ತುಟಿ ಎತ್ತಿ ನೋಡಿದೆ. ಮೇಲಿನ ದೊಡ್ಡ ದವಡೆಹಲ್ಲಿಗೆ ಕಂದು ಬಣ್ಣದ ಚಿಪ್ಪು ಮೆತ್ತಿತ್ತು. ಅದರ ಬುಡದ ವಸಡು ಮಾಗಿದ ಕಾಫಿ ಹಣ್ಣಿನಷ್ಟು ಕೆಂಪು. ಕೆಳಗೆ, ಕೋರೆಹಲ್ಲಿನ ಹಿಂದಿನ ಮೊದಲ ಹಲ್ಲಿನ ಬುಡದಲ್ಲಿ ಸಾಸಿವೆ ಕಾಳಿನಷ್ಟು ಗುಲಾಬಿ ಚುಕ್ಕೆ. ನಾನು ಹೆಚ್ಚು ಹೆದರಿದ್ದು ಕಂದು ಚಿಪ್ಪಿಗೆ. ಮೈಸೂರಿಗೆ ಇಳಿದು ಎಕ್ಸ್-ರೇ ತೆಗೆಸಿದಾಗ ಗೊತ್ತಾಯಿತು, ನಿಜವಾದ ನೋವು ಆ ಚುಕ್ಕೆಯದು.

ನಮ್ಮ ಹಾಗೆ ಬೆಕ್ಕಿಗೆ ಹುಳುಕು ಹಲ್ಲು ಆಗುವುದು ತೀರಾ ಅಪರೂಪ. ಅದರ ಬದಲು ಅದರದೇ ಮೈಯ ಜೀವಕೋಶಗಳು ಹಲ್ಲನ್ನು ಕರಗಿಸಿ ತಿನ್ನುತ್ತವೆ, ಆದ ಗುಳಿಯೊಳಕ್ಕೆ ವಸಡಿನ ಮಾಂಸ ಬೆಳೆಯುತ್ತದೆ. ವಯಸ್ಸಾದ ಬೆಕ್ಕುಗಳಲ್ಲಿ ಇದು ಬಹಳ ಸಾಮಾನ್ಯ. ಇಂಥ ಹಲ್ಲಿಗೆ ಸಿಮೆಂಟ್ ತುಂಬಿ ಪ್ರಯೋಜನವಿಲ್ಲ, ಕೀಳಿಸಲೇಬೇಕು. ಇನ್ನು ಕೆಲವು ಬೆಕ್ಕುಗಳಿಗೆ ಗಂಟಲಿನವರೆಗೂ ಬಾಯಿಯೆಲ್ಲ ಉರಿಯೂತವಾಗುತ್ತದೆ. ಬೆಕ್ಕುಗಳಿಗೆ ನೆಗಡಿ ತರುವ ಕ್ಯಾಲಿಸಿವೈರಸ್ ಇದರ ಜೊತೆ ಹೆಚ್ಚಾಗಿ ಕಾಣಿಸಿಕೊಳ್ಳುತ್ತದೆ. ಅವುಗಳ ದವಡೆಹಲ್ಲುಗಳನ್ನೆಲ್ಲ ತೆಗೆಸುವುದೇ ಮುಖ್ಯ ಚಿಕಿತ್ಸೆ. ಕೇಳಲು ಕ್ರೂರ ಅನ್ನಿಸಿದರೂ, ಹಲ್ಲಿಲ್ಲದ ಬೆಕ್ಕು ಮೆತ್ತಗಿನ ಅನ್ನ, ಮೀನು ತಿಂದುಕೊಂಡು ಸುಖವಾಗಿರುತ್ತದೆ.

ಕೆಲವು ವಾಸನೆಗಳ ಮೂಲ ಬಾಯಿಯಲ್ಲಿರುವುದಿಲ್ಲ. ಮೂತ್ರದಂಥ, ಅಮೋನಿಯಾದ ಘಾಟು ಬರುತ್ತಿದ್ದು, ಬೆಕ್ಕು ನೀರು ಹೆಚ್ಚು ಕುಡಿದು ಸೊರಗುತ್ತಿದ್ದರೆ ಮೂತ್ರಪಿಂಡ ಸೋಲುತ್ತಿರಬಹುದು. ಕೊಳೆತ ಹಣ್ಣಿನಂಥ ಸಿಹಿ ವಾಸನೆ, ಜೊತೆಗೆ ವಾಂತಿ, ಸುಸ್ತು ಇದ್ದರೆ ಸಕ್ಕರೆ ಕಾಯಿಲೆ ಕೈಮೀರಿದ ಲಕ್ಷಣ. ಆಗ ಮರುದಿನಕ್ಕೆ ಕಾಯಬೇಡಿ. ನಾತ ದಿಢೀರನೆ ಶುರುವಾಗಿ ಜೊಲ್ಲು ಸುರಿಯುತ್ತಿದ್ದರೆ ಮೀನಿನ ಮುಳ್ಳು ಸಿಕ್ಕಿರಬಹುದು, ನಾಲಿಗೆಯ ಬುಡಕ್ಕೆ ದಾರ ಸುತ್ತಿಕೊಂಡಿರಬಹುದು. ದಾರ ಕಂಡರೆ ಎಳೆಯಬೇಡಿ, ಇನ್ನೊಂದು ತುದಿ ಕರುಳಿನಲ್ಲಿದ್ದರೆ ಕರುಳೇ ಸೀಳಿಹೋಗುತ್ತದೆ.

ಮನೆಮದ್ದಿನ ಬಗ್ಗೆ ಒಂದು ಮಾತು ಹೇಳಲೇಬೇಕು, ನಮ್ಮ ಊರಲ್ಲಿ ಹಲ್ಲುನೋವೆಂದರೆ ಕೈ ಮೊದಲು ಹೋಗುವುದು ಲವಂಗದೆಣ್ಣೆಗೆ. ಬೆಕ್ಕಿಗೆ ಅದು ವಿಷ. ಪ್ಯಾರಾಸಿಟಮಾಲ್ ಅದಕ್ಕಿಂತ ಘೋರ, ಒಂದೇ ಮಾತ್ರೆ ಪ್ರಾಣ ತೆಗೆಯಬಲ್ಲದು. ನಮ್ಮ ಯಕೃತ್ತು ಸುಲಭವಾಗಿ ಅರಗಿಸಿಕೊಳ್ಳುವ ಇಂಥ ರಾಸಾಯನಿಕಗಳನ್ನು ಬೆಕ್ಕಿನ ಯಕೃತ್ತು ಅರಗಿಸಿಕೊಳ್ಳಲಾರದು, ಪ್ಯಾರಾಸಿಟಮಾಲಿನಿಂದಂತೂ ರಕ್ತ ಆಮ್ಲಜನಕ ಹೊರುವ ಶಕ್ತಿಯನ್ನೇ ಕಳೆದುಕೊಳ್ಳುತ್ತದೆ. ನಾವು ಬಳಸುವ ಟೂತ್‌ಪೇಸ್ಟೂ ಬೇಡ. ಬೆಕ್ಕಿಗೆ ಉಗುಳಲು ಬರುವುದಿಲ್ಲ, ಫ್ಲೋರೈಡೆಲ್ಲ ಹೊಟ್ಟೆಗೇ ಹೋಗುತ್ತದೆ.

ಬೆಳ್ಳಿಗೆ ಅರಿವಳಿಕೆ ಕೊಟ್ಟು ಸ್ಕೇಲಿಂಗ್ ಮಾಡಿ ಟಾರ್ಟರ್ ಕೆರೆದು ತೆಗೆದರು, ಎರಡು ಹಲ್ಲು ಕಿತ್ತರು. ಅರಿವಳಿಕೆಯಿಲ್ಲದೆ ಹಲ್ಲು ಕೆರೆದರೆ ಹೊರಗಿನ ಬಿಳುಪು ಮಾತ್ರ ಬರುತ್ತದೆ, ರೋಗವಿರುವ ವಸಡಿನ ಒಳಗೆ ಉಪಕರಣ ತಲುಪುವುದಿಲ್ಲ. ಹತ್ತೇ ದಿನಕ್ಕೆ ಅವಳು ಮತ್ತೆ ಮೈ ನೆಕ್ಕಿಕೊಳ್ಳತೊಡಗಿದಳು. ಅದನ್ನು ಬಿಟ್ಟಿದ್ದಳೆಂಬುದನ್ನೂ ನಾನು ಗಮನಿಸಿರಲಿಲ್ಲ.

ಈಗ ಮನೆಯಲ್ಲಿ ತೋಟದ ಕೆಲಸಗಾರರ ಲೈನ್ ಮನೆಯಿಂದ ತಂದ ಮರಿಯೊಂದಿದೆ, ಐದು ತಿಂಗಳು. ಹಾಲುಹಲ್ಲು 26 ಉದುರಿ 30 ಹಲ್ಲು ಬರುವ ಹೊತ್ತು. ಈ ವಯಸ್ಸಿನಲ್ಲಿ ಬಾಯಿ ತುಸು ನಾತ ಬರುವುದು ಸಹಜ, ತಾನೇ ಹೋಗುತ್ತದೆ. ಮೊನ್ನೆ ಕಂಬಳಿಯಲ್ಲಿ ಅದರ ಹಾಲುಹಲ್ಲು ಸಿಕ್ಕಿತು, ಅಕ್ಕಿಯ ನುಚ್ಚಿನಷ್ಟು. ಉಪ್ಪುಖಾರ ಹಾಕದ ಮೀನಿನ ನೀರಿನಲ್ಲಿ ಬೆರಳು ಅದ್ದಿ ದಿನಾ ರಾತ್ರಿ ತುಟಿಯ ಒಳಗೆ ಸವರುತ್ತೇನೆ. ಹಲ್ಲೆಲ್ಲ ಬಂದ ಮೇಲೆ ಬೆರಳಿಗೆ ಬಟ್ಟೆ ಸುತ್ತಿ, ಆಮೇಲೆ ಮೆತ್ತನೆ ಬ್ರಷ್, ಬೆಕ್ಕಿಗೆಂದೇ ಮಾಡಿದ ಪೇಸ್ಟ್. ಸದ್ಯ ಅದು ಬೆರಳನ್ನು ಕಚ್ಚುತ್ತದೆ. ಬೆಳ್ಳಿ ಪಕ್ಕದಲ್ಲಿ ಕೂತು ತನ್ನ ಸರದಿಗೆ ಕಾಯುತ್ತಾಳೆ.