ಊಟಿಯ ಬೋಳು ಗುಡ್ಡಗಳಲ್ಲಿ ಹಿಂದೆ ಕಾಡಿತ್ತೇ?

ಪ್ರಶ್ನೆ: ಊಟಿ ಸುತ್ತಿನ ಬೆಟ್ಟಗಳಲ್ಲಿ ಕಣಿವೆಯ ಸಂದಿಯಲ್ಲಿ ಮಾತ್ರ ಶೋಲಾ ಕಾಡು (ಎತ್ತರದ ಬೆಟ್ಟಗಳ ಗಿಡ್ಡ ನಿತ್ಯಹಸಿರು ಕಾಡು), ಉಳಿದೆಡೆ ಬರೀ ಹುಲ್ಲು. ಕಾಡು ಕಡಿದೇ ಹೀಗಾಯಿತೇ? ಗಿಡ ನೆಟ್ಟರೆ ಮತ್ತೆ ಕಾಡಾದೀತೇ?

ಉತ್ತರ: ಕಡಿದಿದ್ದೂ ಉಂಟು, ಆದರೆ ಹುಲ್ಲು ಹುಟ್ಟಿದ್ದು ಅದರಿಂದಲ್ಲ. ಕೊಡಲಿ ಬರುವುದಕ್ಕೂ ಬಹಳ ಮೊದಲೇ ಅದು ಅಲ್ಲಿತ್ತು. ಇದಕ್ಕೆ ಸಾಕ್ಷಿ ಬೆಟ್ಟಗಳ ನಡುವಿನ ಜೌಗು ತಗ್ಗುಗಳಲ್ಲಿದೆ. ಅಲ್ಲಿ ಪೂರ್ತಿ ಕೊಳೆಯದ ಸಸ್ಯಗಳು ಕಪ್ಪು ಪೀಟ್ ಆಗಿ ಪದರ ಪದರವಾಗಿ ಕೂತಿವೆ. ಪದರಗಳ ವಯಸ್ಸನ್ನು ರೇಡಿಯೋಕಾರ್ಬನ್‌ನಿಂದ ತಿಳಿದು, ಇಂಗಾಲದ ತುಸು ಭಾರದ ರೂಪವಾದ ಕಾರ್ಬನ್-13 ಅವುಗಳಲ್ಲಿ ಒಂದು ಮಾನದಂಡಕ್ಕಿಂತ ಸಾವಿರಕ್ಕೆ ಎಷ್ಟು ಕಡಿಮೆ ಇದೆ ಎಂದು ಅಳೆಯುತ್ತಾರೆ. ಮರಗಳ ಅಂಕಿ ಸುಮಾರು −27, ಗಾಳಿಯ ಇಂಗಾಲವನ್ನು ಬೇರೆ ಬಗೆಯಲ್ಲಿ ಹಿಡಿಯುವ ಸಿ4 ಗುಂಪಿನ ಹುಲ್ಲುಗಳದ್ದು −13ರ ಆಸುಪಾಸು. ಎತ್ತರದ ತಂಪಿನಲ್ಲಿ ಮರದಂಥದೇ ಅಂಕಿ ಕೊಡುವ ಹುಲ್ಲುಗಳೂ ಇರುವುದರಿಂದ ಇದೊಂದನ್ನೇ ನಂಬಿದರೆ ಮೋಸಹೋಗುತ್ತೇವೆ, ಪರಾಗವನ್ನೂ ಎಣಿಸಬೇಕು. ಹುಲ್ಲಿನ ಪರಾಗ ದುಂಡಗೆ, ಒಂದೇ ರಂಧ್ರದ್ದು. ಸೂಕ್ಷ್ಮದರ್ಶಕದಲ್ಲಿ ಬೇಗ ಗುರುತು ಸಿಗುತ್ತದೆ.

ಸುಮಾರು 20,000ದಿಂದ 16,000 ವರ್ಷಗಳ ಹಿಂದೆ ಇಲ್ಲಿ ಹುಲ್ಲಿನದೇ ರಾಜ್ಯ. ಆಗ ಮುಂಗಾರು ದುರ್ಬಲವಾಗಿತ್ತು, ಗಾಳಿಯಲ್ಲಿ ಇಂಗಾಲದ ಡೈಆಕ್ಸೈಡ್ ಹತ್ತು ಲಕ್ಷಕ್ಕೆ ಸುಮಾರು 190 ಭಾಗ ಮಾತ್ರ (ಈಗ 420 ದಾಟಿದೆ). ಅಷ್ಟು ಕಡಿಮೆ ಇದ್ದಾಗ ಮರಗಳಿಗಿಂತ ಸಿ4 ಹುಲ್ಲಿಗೇ ಅನುಕೂಲ. ಸುಮಾರು 10,000 ವರ್ಷಗಳ ಹಿಂದೆ ಮಳೆ ಬಲವಾಗಿ ಕಾಡು ಹಬ್ಬಿತು. ಆಮೇಲೆ ಮಳೆ ತಗ್ಗಿದಾಗ ಹುಲ್ಲು ಮತ್ತೆ ಮುಂದೆ ಬಂತು.

ಹಾಗಾದರೆ ಕಾಡಿನ ಅಂಚು ಗೆರೆ ಕೊರೆದಂತೆ ಇರುವುದೇಕೆ? ಚಳಿಗಾಲದ ಮೋಡವಿಲ್ಲದ ರಾತ್ರಿ ಬಯಲಿನ ನೆಲ ತನ್ನ ಶಾಖವನ್ನು ಆಕಾಶಕ್ಕೆ ಬಿಟ್ಟುಕೊಡುತ್ತದೆ, ಬೆಳಗಿಗೆ ಹುಲ್ಲಿನ ಮೇಲೆ ಹಿಮ ಕಟ್ಟಿರುತ್ತದೆ. ಶೋಲಾ ಸಸಿಯ ಎಳೆ ಎಲೆ ಸುಟ್ಟಂತೆ ಕಪ್ಪಾಗುತ್ತದೆ. ನಾಲ್ಕು ಹೆಜ್ಜೆ ಒಳಗೆ, ಮರಗಳ ಚಪ್ಪರದಡಿ, ಅದೇ ಜಾತಿಯ ಸಸಿಗೆ ಏನೂ ಆಗಿರುವುದಿಲ್ಲ. ಬೇಸಿಗೆಯ ಬೆಂಕಿಯೂ ಹುಲ್ಲಿನಲ್ಲಿ ಓಡಿಬಂದು ಈ ತೇವದ ಅಂಚಿನಲ್ಲಿ ನಂದುತ್ತದೆ.

ಗಡಿ ಸರಿಯುತ್ತಿದೆಯೇ ಎಂದು ತಿಳಿಯಲು ದೊಡ್ಡ ಮರ ನೋಡಬೇಡಿ. ತನ್ನ ಸಸಿ ಬದುಕದ ಜಾಗದಲ್ಲೂ ಹಳೇ ಮರ ನೂರು ವರ್ಷ ನಿಂತಿರಬಲ್ಲದು. ಅಂಚಿನಿಂದ ಹುಲ್ಲಿನೊಳಕ್ಕೆ ಹತ್ತು ಮೀಟರ್ ಅಳೆದು, ಮೊಳಕಾಲೆತ್ತರದೊಳಗಿನ ಸಸಿ ಯಾವ ಜಾತಿಯವು, ಎಷ್ಟು ಎಂದು ಬರೆದಿಡಿ. ಅದೇ ಜಾಗವನ್ನು ಪ್ರತಿವರ್ಷ ಚಳಿ ಮುಗಿದ ಮೇಲೆ ಮತ್ತೆ ನೋಡಿ. ಹವೆ ಒಂದು ಡಿಗ್ರಿ ಬಿಸಿಯಾದರೆ ಈಗಿನ ತಂಪಿನ ಪಟ್ಟಿ ಸುಮಾರು 150 ಮೀಟರ್ ಮೇಲೇರುತ್ತದೆ. ಇಲ್ಲಿನ ಅತಿ ಎತ್ತರದ ಶಿಖರ ದೊಡ್ಡಬೆಟ್ಟದ ತುದಿ 2,637 ಮೀಟರ್. ಅಲ್ಲಿಂದಾಚೆಗೆ ಏರಲು ಜಾಗವೇ ಇಲ್ಲ.

ಗಿಡ ನೆಡುವ ಮಾತಿಗೆ ಬಂದರೆ, ದಯವಿಟ್ಟು ಹುಲ್ಲಿನಲ್ಲಿ ನೆಡಬೇಡಿ. ಬ್ರಿಟಿಷರ ಕಾಲದಲ್ಲಿ ಆಸ್ಟ್ರೇಲಿಯಾದಿಂದ ತಂದ ವ್ಯಾಟಲ್ ಎಂಬ ಮರ ಶೋಲಾ ಆಗಲಿಲ್ಲ, ಹುಲ್ಲನ್ನು ನುಂಗಿತು. ಅದರ ಗಟ್ಟಿ ಬೀಜ ಮಣ್ಣಿನಲ್ಲಿ ದಶಕಗಟ್ಟಲೆ ಕಾಯುತ್ತದೆ, ಬೆಂಕಿ ಬಿದ್ದರೆ ಒಟ್ಟಿಗೆ ಮೊಳೆಯುತ್ತದೆ. ಮರ ಕಡಿದರೆ ಅರ್ಧ ಕೆಲಸ ಮಾತ್ರ. ಅದರ ಸಸಿಗಳನ್ನು ವರ್ಷ ವರ್ಷವೂ ಬೇರುಸಹಿತ ಕೀಳುತ್ತಿರಬೇಕು. ಆದರೆ ಶೋಲಾ ಪಕ್ಕದ ಹಳೇ ವ್ಯಾಟಲ್ ನೆರಳಿನಲ್ಲಿ ಕೆಲವೆಡೆ ಶೋಲಾ ಸಸಿಗಳೇ ಎದ್ದಿವೆ. ಅಂಥ ಕಡೆ ಕತ್ತಿ ಹಾಕುವ ಮುಂಚೆ ನೆಲ ನೋಡಿ.